ಬೆಂಕಿ ಹಚ್ಚಿದ ಮೇಲೆ ಮಳೆ ಸುರಿಸಬಾರದು

ತಮಿಳರ ಮಾರ್ಗಳಿ, ಕನ್ನಡಿಗರ ಧನುರ್ಮಾಸ. ಆ ತಿಂಗಳ ವೈಕುಂಠ ಏಕಾದಶಿಯ ರಾತ್ರಿ ಜಾಗರಣೆ ಮಾಡುವ ಮನೆಗಳು ಚೆನ್ನೈನ ವೆಸ್ಟ್ ಮಾಂಬಲಂನಂಥ ಹಳೆಯ ಬಡಾವಣೆಗಳಲ್ಲಿ ಇಂದಿಗೂ ಇವೆ. ನಿದ್ದೆ ಓಡಿಸಲು ಅಲ್ಲಿ ಹಿಂದಿನಿಂದ ಬಂದ ಉಪಾಯ ಪರಮಪದ ಸೋಪಾನ ಪಟ. ಕನ್ನಡದ ಮಕ್ಕಳು ಹಾವು ಏಣಿ ಎಂದು ಆಡುವ ಆಟಕ್ಕೆ ಅದು ಹಿರಿಯಕ್ಕ. ಏಣಿ ಸಿಕ್ಕರೆ ಮೇಲೆ, ಹಾವು ಸಿಕ್ಕರೆ ಕೆಳಗೆ, ತುದಿಯಲ್ಲಿ ವೈಕುಂಠ. ಇನ್ನೆರಡು ಮನೆ ದಾಟಿದರೆ ವೈಕುಂಠ ಎನ್ನುವಾಗ ಹಾವಿನ ಬಾಯಿಗೆ ಬಿದ್ದು ಜಾರಿದ ಅಜ್ಜಿಯನ್ನು ನೋಡಿ ಮೊಮ್ಮಕ್ಕಳು ನಗುತ್ತಾರೆ, ಅಜ್ಜಿಯೂ ನಗುತ್ತಾಳೆ. ಯಾರ ಮೇಲೂ ಯಾರಿಗೂ ಸಿಟ್ಟಿಲ್ಲ, ಏಕೆಂದರೆ ಯಾರೂ ಏನೂ ಮಾಡಿಲ್ಲ. ದಾಳ ಬಿತ್ತು, ಹಾವು ನುಂಗಿತು. ಅದು ಪಾಪದ ಫಲ ಎಂದು ಪಟ ಹೇಳುತ್ತದೆ. ಆದರೆ ಪಾಪ ಮಾಡುವ ಅವಕಾಶವನ್ನು ಆ ಪಟ ಆಟಗಾರನಿಗೆ ಕೊಟ್ಟೇ ಇಲ್ಲ.

ಅದೇ ಬಡಾವಣೆಯ ಇನ್ನೊಂದು ಫ್ಲಾಟಿನ ಊಟದ ಮೇಜಿನ ಮೇಲೆ ಉರುಳುವ ದಾಳಕ್ಕೆ 20 ಮುಖ ಇರಬಹುದು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ 1974ರಲ್ಲಿ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆಲ್ಲ ತಾಯಿಬೇರು. ನಮ್ಮ ಕಡೆಯ ಹುಡುಗ ಹುಡುಗಿಯರಲ್ಲಿ ಹಲವರು ಅದರ ಹೆಸರು ಕೇಳಿದ್ದು 2016ರಲ್ಲಿ ಶುರುವಾದ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯಿಂದ, ಇಲ್ಲವೇ 2023ರ ‘ಬಾಲ್ಡರ್ಸ್ ಗೇಟ್ 3’ ಎಂಬ ಕಂಪ್ಯೂಟರ್ ಆಟದಿಂದ. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಆಟ ನಡೆಸುವವರು, ಗೇಮ್ ಮಾಸ್ಟರ್. ಊರು, ಕಾಡು, ಅರಸ, ಕಾವಲುಗಾರ, ದೆವ್ವ ಎಲ್ಲವೂ ಅವರ ಬಾಯಲ್ಲೇ ಹುಟ್ಟಬೇಕು. ಉಳಿದವರಿಗೆ ತಲಾ ಒಂದು ಪಾತ್ರ. ‘ಕೋಟೆಯ ಬಾಗಿಲು ಮುಚ್ಚಿದೆ, ಏನು ಮಾಡ್ತೀರಿ?’ ಎಂದು ಆಟ ನಡೆಸುವವರು ಕೇಳುತ್ತಾರೆ. ಆಟಗಾರರು ಏನು ಬೇಕಾದರೂ ಹೇಳಬಹುದು. ಫಲ ಖಚಿತವಿಲ್ಲದಾಗ ದಾಳ ಹಾಕುತ್ತಾರೆ. ಕಥೆ ಹೀಗೆ ವಾರದಿಂದ ವಾರಕ್ಕೆ, ಕೆಲವೊಮ್ಮೆ ವರ್ಷಗಟ್ಟಲೆ ಸಾಗುತ್ತದೆ.

‘ಏನು ಬೇಕಾದರೂ’ ಎಂಬ ಆ ಎರಡು ಪದಗಳಲ್ಲಿ ಆಟದ ಸುಖವೂ ಇದೆ, ತೊಡಕೂ ಇದೆ. ಪರಮಪದದ ಹಾವಿಗೆ ಯಾರೂ ಹೊಣೆಯಲ್ಲ. ಇಲ್ಲಿ ಹಾವಿನ ಬಾಲ ತುಳಿದವನು ಆಟಗಾರ, ಹಾವು ಕಚ್ಚಿತೋ ಇಲ್ಲವೋ ಎಂದು ಹೇಳಬೇಕಾದವರು ಎದುರು ಕೂತ ಮನುಷ್ಯರು. ಅವರು ಹೇಳುವ ರೀತಿಯ ಮೇಲೆ ಆಟ ಉಳಿಯುತ್ತದೆ ಅಥವಾ ಮುರಿಯುತ್ತದೆ. ಎಷ್ಟೋ ಸಲ ಸ್ನೇಹವೂ ಅಷ್ಟೇ.

ಒಂದು ಉದಾಹರಣೆ ಕಟ್ಟಿಕೊಳ್ಳಬಹುದು. ಬೇಸಿಗೆ ರಜೆಗೆ ಮೈಸೂರಿನಿಂದ ವೆಸ್ಟ್ ಮಾಂಬಲಂನ ದೊಡ್ಡಮ್ಮನ ಮನೆಗೆ ಬಂದ ನಾಲ್ಕು ಮಕ್ಕಳು. ದೊಡ್ಡಮ್ಮನ ಮಗಳು, ಕಾಲೇಜಿನವಳು, ಆಟ ನಡೆಸುತ್ತಾಳೆ. ಕಥೆಯಲ್ಲಿ ಒಂದು ಊರಿಗೆ ಶತ್ರುಸೈನ್ಯ ಮುತ್ತಿಗೆ ಹಾಕಿದೆ. ನಾಲ್ವರ ಪಾತ್ರಗಳೂ ಸಂಧಾನಕ್ಕೆಂದು ಗುಟ್ಟಾಗಿ ಊರೊಳಗೆ ಸೇರಿವೆ. ಕಣಜದ ಕಾವಲುಗಾರ ಒಳಗೆ ಬಿಡಲು ಲಂಚ ಕೇಳುತ್ತಾನೆ. ಹದಿನಾರರ ಹುಡುಗ, ಅವನದು ಕಳ್ಳನ ಪಾತ್ರ, ತಟ್ಟನೆ ಹೇಳುತ್ತಾನೆ: ‘ಅಕ್ಕಾ, ನಾನು ಕಣಜಕ್ಕೆ ಬೆಂಕಿ ಇಟ್ಬಿಡ್ತೀನಿ.’ ‘ಯಾಕೋ?’ ‘ಲಂಚ ಕೇಳ್ದ ಅಲ್ವಾ, ಅದಕ್ಕೆ.’ ಉಳಿದ ಮೂವರು ಫೋನಿನಿಂದ ತಲೆ ಎತ್ತುತ್ತಾರೆ. ಅಕ್ಕ ಎರಡು ವಾರ ಕೂತು ಬರೆದ ಸಂಧಾನದ ಕಥೆ ಅವಳ ನೋಟ್‌ಬುಕ್ಕಿನಲ್ಲಿ ಹಾಗೇ ಇದೆ. ಈಗ ಅವಳು ಏನು ಮಾಡಬೇಕು?

ಸಾಮಾನ್ಯವಾಗಿ ಮೂರು ಉತ್ತರಗಳು ಬರುತ್ತವೆ. ಮೊದಲನೆಯದು ದಂಡನೆ. ಹುಡುಗ ಬೆಂಕಿಕಡ್ಡಿ ಗೀರುವಷ್ಟರಲ್ಲಿ ಮೂವತ್ತು ಸೈನಿಕರು ಸುತ್ತುವರಿಯುತ್ತಾರೆ, ಕಳ್ಳನನ್ನು ಹಿಡಿಯುತ್ತಾರೆ, ಬೆಳಗಾಗುವುದರೊಳಗೆ ಗಲ್ಲು. ‘ಮಾಡಿದ್ದುಣ್ಣೋ ಮಹರಾಯ’ ಎಂದು ಉಳಿದವರು ನಗುತ್ತಾರೆ. ಆದರೆ ಆ ಮೂವತ್ತು ಸೈನಿಕರು ಒಂದು ನಿಮಿಷದ ಹಿಂದೆ ಆ ಊರಿನಲ್ಲಿ ಇರಲಿಲ್ಲ. ಅಕ್ಕನ ಸಿಟ್ಟು ಸೈನಿಕರ ವೇಷ ಹಾಕಿಕೊಂಡು ಬಂದಿದೆ, ಅಷ್ಟೆ. ಹುಡುಗನಿಗೂ ಅದು ತಿಳಿಯುತ್ತದೆ. ತಾನು ಸೋತದ್ದು ಕಥೆಯ ಊರಿಗಲ್ಲ, ಅಕ್ಕನಿಗೆ ಎಂದು ಅವನು ಲೆಕ್ಕ ಹಾಕುತ್ತಾನೆ. ಅಲ್ಲಿಂದ ಮುಂದಿನ ಆಟವೆಲ್ಲ ಅವರಿಬ್ಬರ ಜಗಳ. ಗೈಗ್ಯಾಕ್ಸ್ 1975ರಲ್ಲಿ ಆರಿಜಿನ್ಸ್ ಸಮಾವೇಶದ ಸ್ಪರ್ಧೆಗೆಂದು ಒಡ್ಡಿದ ‘ಟೂಂಬ್ ಆಫ್ ಹಾರರ್ಸ್’ ಎಂಬ ಸಮಾಧಿಯ ಕಥೆ ದುಡುಕಿದವರನ್ನು ನಿರ್ದಯವಾಗಿ ಕೊಲ್ಲುತ್ತಿತ್ತು ಎಂದು ಹೆಸರಾಗಿದೆ. ಅದನ್ನು ದಂಡನೆಯ ಪರವಾಗಿ ಎತ್ತಿ ಹೇಳುವವರಿದ್ದಾರೆ. ಆದರೆ ಆ ಸಮಾಧಿಯ ಬಲೆಗಳು ಆಟಗಾರ ಬರುವ ಮೊದಲೇ ಕಾಗದದ ಮೇಲಿದ್ದವು. ಯಾರ ಮೇಲಿನ ಸಿಟ್ಟಿಗೂ ಅವು ಅಲ್ಲಿ ಹುಟ್ಟಿಕೊಂಡಿರಲಿಲ್ಲ.

ಎರಡನೆಯ ಉತ್ತರ ಮಳೆ. ಬೆಂಕಿ ಹತ್ತಿತು, ಅಷ್ಟರಲ್ಲಿ ಮೋಡ ಕವಿದು ಮಳೆ ಸುರಿಯಿತು, ಕಣಜ ಉಳಿಯಿತು, ಯಾರೂ ನೋಡಲಿಲ್ಲ, ಕಥೆ ಮುಂದುವರಿಯಿತು. ಒಳ್ಳೆಯ ಮನಸ್ಸಿನವರು ಮಾಡುವ ತಪ್ಪು ಇದು. ಹುಡುಗನ ಮನಸ್ಸು ನೋಯಬಾರದು, ಉಳಿದವರ ಆಟ ಕೆಡಬಾರದು, ಬರೆದ ಕಥೆ ವ್ಯರ್ಥವಾಗಬಾರದು ಎಂಬ ಕಾಳಜಿ ಅದರ ಹಿಂದೆ ಇರುತ್ತದೆ. ಆದರೆ ಹುಡುಗ ಕಲಿಯುವುದು ಬೇರೆಯೇ ಪಾಠ. ತಾನು ಏನು ಮಾಡಿದರೂ ಈ ಲೋಕದಲ್ಲಿ ಏನೂ ಆಗುವುದಿಲ್ಲ ಎಂದು ಅವನಿಗೆ ಖಾತ್ರಿಯಾಗುತ್ತದೆ. ಮುಂದಿನ ವಾರ ಅವನು ಕಣಜ ಬಿಟ್ಟು ಅರಮನೆಗೇ ಬೆಂಕಿ ಇಡುತ್ತಾನೆ. ತುಂಟತನಕ್ಕಿಂತ ಹೆಚ್ಚಾಗಿ ಅದು ಪರೀಕ್ಷೆ. ಈ ಲೋಕದಲ್ಲಿ ಗಟ್ಟಿ ನೆಲ ಎಲ್ಲಿದೆ ಎಂದು ಅವನು ಕಾಲಿಂದ ತಡಕಾಡುತ್ತಿದ್ದಾನೆ.

ಮೂರನೆಯದು ತಡೆ. ‘ಹಾಗೆಲ್ಲ ಮಾಡೋ ಹಾಗಿಲ್ಲ, ಬೇರೆ ಏನಾದ್ರೂ ಹೇಳು.’ ಒಮ್ಮೊಮ್ಮೆ ಇದು ಬೇಕಾಗುತ್ತದೆ, ಆ ಮಾತು ಮುಂದೆ ಬರುತ್ತದೆ. ಆದರೆ ಇದೇ ರೂಢಿಯಾದರೆ ಆಟ ಹಳಿಯ ಮೇಲಿನ ಬಂಡಿಯಾಗುತ್ತದೆ. ತಾಂಬರಂನಿಂದ ಚೆನ್ನೈ ಬೀಚ್‌ವರೆಗಿನ ಲೋಕಲ್ ರೈಲು ಮಾಂಬಲಂನಲ್ಲಿ ನಿಂತು ಕೋಡಂಬಾಕ್ಕಂ ಕಡೆ ಹೊರಡುತ್ತದೆ. ಊರಿಗೆ ಅದರಿಂದ ದೊಡ್ಡ ಉಪಕಾರ. ಆದರೆ ಒಳಗೆ ಕೂತವರನ್ನು ಯಾರೂ ಚಾಲಕರು ಎನ್ನುವುದಿಲ್ಲ.

ದಂಡನೆ, ಮಳೆ, ತಡೆ ಮೂರರಲ್ಲೂ ಒಂದು ಸಮಾನ ದೋಷವಿದೆ. ಮೂರೂ ದಾಳ ಬಿದ್ದ ಮೇಲೆ, ಅಥವಾ ಮಾತು ಆಡಿದ ಮೇಲೆ, ಆಟ ನಡೆಸುವವರ ಮನಸ್ಸಿನಲ್ಲಿ ತಯಾರಾದ ಉತ್ತರಗಳು. ದುಡುಕಿನ ಆಯ್ಕೆಗೆ ನ್ಯಾಯವಾದ ಫಲ ಸಿಗಬೇಕಾದರೆ ಬೆಲೆಯನ್ನು ಮೊದಲೇ ಹೇಳಿರಬೇಕು, ಹೇಳಿದ ಮೇಲೆ ಅದನ್ನು ವಸೂಲು ಮಾಡಲೇಬೇಕು. ಎಚ್ಚರಿಕೆಯಿಲ್ಲದೆ ಬಂದ ಫಲ ಸೇಡಿನಂತೆ ಕಾಣುತ್ತದೆ. ಫಲವಿಲ್ಲದ ಎಚ್ಚರಿಕೆಯನ್ನು ಎರಡನೆಯ ಸಲ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇಷ್ಟಕ್ಕೂ ದುಡುಕು ಈ ಆಟಕ್ಕೆ ಹೊರಗಿನಿಂದ ಬಂದ ರೋಗವಲ್ಲ. ಅದರ ಹುಟ್ಟಿನಲ್ಲೇ ಅದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಷ್ಯಾದ ಸೈನ್ಯಾಧಿಕಾರಿಗಳು ನಕ್ಷೆಯ ಮೇಲೆ ಯುದ್ಧದ ಆಟ ಆಡುತ್ತಿದ್ದರು. 1824ರಲ್ಲಿ ರೈಸ್‌ವಿಟ್ಸ್ ಎಂಬ ಅಧಿಕಾರಿ ಪ್ರಕಟಿಸಿದ ನಿಯಮಾವಳಿಯಲ್ಲಿ ದಾಳ, ಕೋಷ್ಟಕ, ಲೆಕ್ಕ ಎಲ್ಲವೂ ಇತ್ತು. 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಇನ್ನೊಬ್ಬ ಅಧಿಕಾರಿ ಆ ಲೆಕ್ಕದ ಭಾರವನ್ನೆಲ್ಲ ಇಳಿಸಿ, ಫಲವನ್ನು ಅನುಭವಿ ತೀರ್ಪುಗಾರನ ವಿವೇಕಕ್ಕೆ ಬಿಡಬೇಕೆಂದ. ಯುದ್ಧ ಕಂಡವನು ‘ಈ ಸೇತುವೆ ದಾಟಿದರೆ ಹೀಗಾಗುತ್ತದೆ’ ಎಂದರೆ ಅದಕ್ಕೆ ತೂಕವಿತ್ತು. ಮುಂದೆ 1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸೆಲಿ ಎಂಬಾತ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಊರಿನ ಆಟ ಹೂಡಿದ. ಸೇನಾಪತಿಗಳ ಜೊತೆಗೆ ಊರಿನ ಜನರ ಪಾತ್ರಗಳನ್ನೂ ಆಟಗಾರರಿಗೆ ಹಂಚಿದ. ಅವರು ಅವನ ಯೋಜನೆಯನ್ನು ಬದಿಗಿಟ್ಟು ತಮತಮಗೆ ತೋಚಿದ್ದನ್ನೆಲ್ಲ ಮಾಡಿದರು. ಆಟ ಹದ ತಪ್ಪಿತು, ತಾನು ಸೋತೆ ಎಂದೇ ವೆಸೆಲಿ ತಿಳಿದ. ಆದರೆ ಆಡಿದವರು ಮತ್ತೊಮ್ಮೆ ಆಡೋಣ ಎಂದು ದುಂಬಾಲು ಬಿದ್ದರು. ಆ ಗುಂಪಿನಲ್ಲಿದ್ದ ಆರ್ನೆಸನ್ ಆ ಗೊಂದಲದ ರುಚಿ ಹಿಡಿದೇ ಮುಂದೆ ತನ್ನ ‘ಬ್ಲ್ಯಾಕ್‌ಮೂರ್’ ಲೋಕ ಕಟ್ಟಿದ. ಹೇಳಿದ ಮಾತು ಕೇಳದ ಆಟಗಾರರು ಇಲ್ಲದಿದ್ದರೆ ಈ ಆಟ ಹುಟ್ಟುತ್ತಲೇ ಇರಲಿಲ್ಲ. ಆದ್ದರಿಂದ ದುಡುಕನ್ನು ಅಳಿಸುವ ಯೋಚನೆ ಬೇಡ. ಅದರ ಫಲವನ್ನು ಹೊರುವ ದಾರಿ ಬೇಕು.

ಆ ದಾರಿಯ ಅತಿ ದೊಡ್ಡ ಪಾಠ ಸಿಗುವುದು ಅಮೆರಿಕದಲ್ಲಿ ಅಲ್ಲ, ಹಸ್ತಿನಾವತಿಯ ಸಭೆಯಲ್ಲಿ. ವೆಸ್ಟ್ ಮಾಂಬಲಂನ ಆರ್ಯಗೌಡ ರಸ್ತೆಯ ಅಯೋಧ್ಯಾ ಮಂಟಪದಂಥ ಕಡೆ ಉಪನ್ಯಾಸ ಕೇಳಿ ಬೆಳೆದವರಿಗೂ, ಕರ್ನಾಟಕದಲ್ಲಿ ಗಮಕಿಗಳ ಬಾಯಲ್ಲಿ ಕುಮಾರವ್ಯಾಸನನ್ನು ಕೇಳಿದವರಿಗೂ ಸಭಾಪರ್ವದ ಜೂಜು ಗೊತ್ತು. ಧರ್ಮರಾಯ ಸಂಪತ್ತು ಒಡ್ಡಿದ, ರಾಜ್ಯ ಒಡ್ಡಿದ, ತಮ್ಮಂದಿರನ್ನು ಒಡ್ಡಿದ, ತನ್ನನ್ನೇ ಒಡ್ಡಿಕೊಂಡು ಸೋತ, ಆಮೇಲೆ ದ್ರೌಪದಿಯನ್ನು ಒಡ್ಡಿದ. ಮೇಜಿನ ಆಟ ಆಡುವವರ ಕಣ್ಣಿನಿಂದ ನೋಡಿದರೆ ಆ ಸಭೆಯಲ್ಲಿ ನಾಲ್ಕು ಸಂಗತಿಗಳು ಎದ್ದು ಕಾಣುತ್ತವೆ.

ಒಂದು, ಎಚ್ಚರಿಕೆ ಇತ್ತು, ಅದಕ್ಕೆ ಬಲವಿರಲಿಲ್ಲ. ವಿದುರ ಮತ್ತೆ ಮತ್ತೆ ಹೇಳಿದ. ಆದರೆ ಆಟ ನಿಲ್ಲಿಸುವ ಅಧಿಕಾರವಿದ್ದ ಧೃತರಾಷ್ಟ್ರ ‘ಗೆದ್ದನೇ? ಗೆದ್ದನೇ?’ ಎಂದು ಕೇಳುತ್ತ ಕೂತಿದ್ದ. ಎರಡು, ನಿಯಮದ ಪ್ರಶ್ನೆ ಎದ್ದದ್ದು ದಾಳ ಬಿದ್ದ ಮೇಲೆ. ತನ್ನನ್ನು ಮೊದಲು ಸೋತವನಿಗೆ ಹೆಂಡತಿಯನ್ನು ಒಡ್ಡುವ ಹಕ್ಕು ಎಲ್ಲಿಯದು ಎಂಬ ದ್ರೌಪದಿಯ ಪ್ರಶ್ನೆ ನ್ಯಾಯದ ಪ್ರಶ್ನೆಯಂತೆಯೇ ಆಟದ ನಿಯಮದ ಪ್ರಶ್ನೆಯೂ ಹೌದು. ಆಡುವ ಮೊದಲು ಯಾರೂ ಅದನ್ನು ಇತ್ಯರ್ಥ ಮಾಡಿರಲಿಲ್ಲ. ಭೀಷ್ಮನಂಥವನೂ ಧರ್ಮ ಸೂಕ್ಷ್ಮ ಎಂದು ಕೈಚೆಲ್ಲಿದ. ಮೂರು, ಪಣಕ್ಕೆ ಬಿದ್ದವರು ದಾಳ ಮುಟ್ಟಿದವರಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಂಬಂತೆ ಒಬ್ಬನ ದುಡುಕಿನ ಬೆಲೆಯನ್ನು ಸಭೆಗೆ ಎಳೆದು ತಂದ ಹೆಣ್ಣುಮಗಳೊಬ್ಬಳು ಕೊಡಬೇಕಾಯಿತು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಭಯ ಹತ್ತಿದ ಧೃತರಾಷ್ಟ್ರ ದ್ರೌಪದಿಗೆ ವರ ಕೊಟ್ಟ. ಅವಳು ಕೇಳಿದ್ದು ಗಂಡಂದಿರ ಬಿಡುಗಡೆ ಮಾತ್ರ, ಮೂರನೆಯ ವರ ಬೇಡವೆಂದಳು. ಆದರೂ ಮುದುಕ ರಾಜ್ಯ, ಸಂಪತ್ತು ಎಲ್ಲವನ್ನೂ ವಾಪಸು ಕೊಟ್ಟು ಕಳುಹಿಸಿದ. ಇದೇ ಮಳೆ. ಕಣಜಕ್ಕೆ ಹತ್ತಿದ ಬೆಂಕಿಯನ್ನು ಒಂದು ಮಾತಿನಲ್ಲಿ ಆರಿಸಿದ. ಫಲವೇನಾಯಿತು? ದುರ್ಯೋಧನನಿಗೆ ಗೆದ್ದದ್ದು ಕೈಬಿಟ್ಟ ಉರಿ. ಧರ್ಮರಾಯನಿಗೆ ಸೋತ ನೆನಪೇ ಇಲ್ಲವೇನೋ ಎಂಬಂತೆ ದಾರಿಯ ಮಧ್ಯದಿಂದ ಕರೆ ಬಂದೊಡನೆ ತಿರುಗಿ ಬಂದು ಅದೇ ಸಭೆಯಲ್ಲಿ ಅದೇ ಶಕುನಿಯ ಎದುರು ಕೂತ. ಅಳಿಸಿದ ಫಲ ಯಾರನ್ನೂ ಬದಲಿಸಲಿಲ್ಲ. ಅದು ಅದೇ ತಪ್ಪಿಗೆ ಎರಡನೆಯ ಅವಕಾಶ ಕೊಟ್ಟಿತು, ಅಷ್ಟೆ.

ಈಗ ಆ ಎರಡನೆಯ ಜೂಜನ್ನು, ಅನುದ್ಯೂತವನ್ನು ನೋಡಿ. ಅದು ಅನ್ಯಾಯದ ಜೂಜು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಒಂದು ವಿಷಯದಲ್ಲಿ ಮೊದಲನೆಯದಕ್ಕಿಂತ ಸ್ಪಷ್ಟ. ಪಣ ಏನೆಂದು ದಾಳ ಬೀಳುವ ಮೊದಲೇ ಎಲ್ಲರ ಕಿವಿಗೆ ಬಿತ್ತು: ಸೋತವರು 12 ವರ್ಷ ವನವಾಸ, 1 ವರ್ಷ ಅಜ್ಞಾತವಾಸ, ಗುರುತು ಸಿಕ್ಕರೆ ಮತ್ತೆ 12 ವರ್ಷ. ಸೋತ ಮೇಲೆ ಯಾರೂ ಅದನ್ನು ಅಳಿಸಲಿಲ್ಲ. ಮೊದಲ ಜೂಜಿನಿಂದ ಹುಟ್ಟಿದ್ದು ಒಂದು ಸಂಜೆಯ ಅವಮಾನ, ಆರದ ಸೇಡು. ಎರಡನೆಯದರಿಂದ ವನಪರ್ವವೂ ವಿರಾಟಪರ್ವವೂ ಹುಟ್ಟಿದವು. ಅರ್ಜುನನಿಗೆ ಪಾಶುಪತ ಸಿಕ್ಕಿದ್ದು, ಯಕ್ಷನ ಪ್ರಶ್ನೆಗಳಿಗೆ ಧರ್ಮರಾಯ ಉತ್ತರಿಸಿದ್ದು, ಜೂಜಿನಲ್ಲಿ ಹಾಳಾದ ಅದೇ ಅರಸ ವಿರಾಟನ ಆಸ್ಥಾನದಲ್ಲಿ ಕಂಕನಾಗಿ ದಾಳದ ವಿದ್ಯೆಯನ್ನೇ ಊಟಕ್ಕೆ ದಾರಿ ಮಾಡಿಕೊಂಡದ್ದು, ಎಲ್ಲವೂ ಆ ಫಲದ ಒಳಗೇ. ಉಳಿಸಿಕೊಂಡ ಫಲ ಕಥೆಯನ್ನು ಬೆಳೆಸಿತು.

ಇಂದಿನ ಆಟಗಳನ್ನು ರೂಪಿಸುವವರು ಈ ಎರಡನೆಯ ಮಾದರಿಯ ಕಡೆಗೇ ಬಂದಿದ್ದಾರೆ, ಬೇರೆ ದಾರಿಯಿಂದ. ಜಾನ್ ಹಾರ್ಪರ್ ರೂಪಿಸಿದ, 2017ರಲ್ಲಿ ಪುಸ್ತಕವಾಗಿ ಬಂದ ‘ಬ್ಲೇಡ್ಸ್ ಇನ್ ದಿ ಡಾರ್ಕ್’ನಲ್ಲಿ ದಾಳ ಎತ್ತುವ ಮೊದಲು ಆಟ ನಡೆಸುವವರು ಸ್ಥಿತಿಯನ್ನು ಬಾಯಿಬಿಟ್ಟು ಹೇಳಬೇಕು: ಇದು ಹಿಡಿತದಲ್ಲಿರುವ ಕೆಲಸವೇ, ಅಪಾಯದ್ದೇ, ಗತಿಗೆಟ್ಟದ್ದೇ? ಕೇಳಿದ ಮೇಲೆ ಆಟಗಾರ ಹಿಂದೆ ಸರಿಯಬಹುದು. ದೂರದಲ್ಲಿ ಬರುತ್ತಿರುವ ಆಪತ್ತಿಗೆ ಒಂದು ಗಡಿಯಾರ ಬರೆಯುತ್ತಾರೆ, 4, 6 ಅಥವಾ 8 ಭಾಗದ ವೃತ್ತ. ತಪ್ಪು ಹೆಜ್ಜೆ ಬಿದ್ದಂತೆಲ್ಲ ಭಾಗ ತುಂಬುತ್ತದೆ, ಎಲ್ಲರಿಗೂ ಕಾಣುವಂತೆ. ಫಲ ಬಂದಾಗ ಆಟಗಾರ ಅದನ್ನು ತಡೆದುಕೊಳ್ಳಲೂಬಹುದು, ಆದರೆ ಮನಸ್ಸಿನ ದಣಿವಿನ ರೂಪದಲ್ಲಿ ಬೆಲೆ ತೆರಬೇಕು. 2010ರ ‘ಅಪಾಕಲಿಪ್ಸ್ ವರ್ಲ್ಡ್’ನಲ್ಲಿ ಎರಡು ದಾಳ ಕೂಡಿಸಿ 10 ಅಥವಾ ಹೆಚ್ಚು ಬಂದರೆ ಪೂರ್ಣ ಗೆಲುವು, 7ರಿಂದ 9 ಬಂದರೆ ಗೆಲುವಿನ ಜೊತೆ ಒಂದು ನಷ್ಟ. ಎಷ್ಟೋ ಫಲಗಳು ಈ ನಡುವಿನಲ್ಲೇ ಬೀಳುತ್ತವೆ, ಬದುಕಿನಲ್ಲಿ ಬೀಳುವಂತೆ.

‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ನ 2014ರ ಆವೃತ್ತಿ ಮೃದು ಎಂಬ ಹೆಸರಿದೆ. ಪ್ರಾಣಶಕ್ತಿ ಸೊನ್ನೆಗೆ ಇಳಿದ ಪಾತ್ರ ಒಡನೆಯೇ ಸಾಯುವುದಿಲ್ಲ. ಪ್ರತಿ ಸರದಿಗೂ 20 ಮುಖದ ದಾಳ ಹಾಕಬೇಕು, ಮೂರು ಸಲ 10 ಅಥವಾ ಹೆಚ್ಚು ಬಿದ್ದರೆ ಉಳಿವು, ಮೂರು ಸಲ ಕಡಿಮೆ ಬಿದ್ದರೆ ಸಾವು. ಸತ್ತವರನ್ನು ಎಬ್ಬಿಸುವ ಮಂತ್ರವೂ ಇದೆ. ಆದರೆ ಅಲ್ಲಿಯೂ ಬೆಲೆ ಬರೆದಿದ್ದಾರೆ: 500 ಚಿನ್ನದ ನಾಣ್ಯ ಬೆಲೆಬಾಳುವ ವಜ್ರ ಕರಗಿಹೋಗಬೇಕು, ಸತ್ತು 10 ದಿನ ದಾಟಿರಬಾರದು, ಎದ್ದವನು ಕೆಲವು ದಿನ ನಿತ್ರಾಣನಾಗಿರುತ್ತಾನೆ. ಪರಿಹಾರ ಇರಬಾರದು ಎಂದು ಯಾರೂ ಹೇಳುತ್ತಿಲ್ಲ. ಅದು ಪುಕ್ಕಟೆ ಇರಬಾರದು, ಅಷ್ಟೆ.

ಹಾಗಾದರೆ ಮಾಂಬಲಂನ ಆ ಅಕ್ಕ ಏನು ಮಾಡಬೇಕು? ಮೊದಲ ಕೆಲಸ ದಾಳ ಹಾಕಿಸುವುದಲ್ಲ, ಮಾತಾಡುವುದು. ‘ನೋಡು, ಊರಿಗೆ ಮುತ್ತಿಗೆ ಬಿದ್ದು ಎರಡು ತಿಂಗಳಾಯ್ತು. ಒಳಗಿರೋ ಜನಕ್ಕೆಲ್ಲ ಇರೋದು ಇದೊಂದೇ ಕಣಜ. ಗಾಳಿ ಬೇರೆ ಜೋರಾಗಿದೆ. ಹಚ್ಚಿದ್ರೆ ಆರಿಸೋದು ಕಷ್ಟ. ನಿನ್ನ ಕಳ್ಳನಿಗೆ ಇದೆಲ್ಲ ಗೊತ್ತು. ಆದ್ರೂ ಹಚ್ತೀಯಾ?’ ದುಡುಕು ಎಂದು ಹಣೆಪಟ್ಟಿ ಹಚ್ಚುವ ಎಷ್ಟೋ ಆಯ್ಕೆಗಳು ಇಷ್ಟು ಹೇಳಿದರೆ ಕರಗಿಹೋಗುತ್ತವೆ. ಏಕೆಂದರೆ ಅವು ದುಡುಕೇ ಆಗಿರುವುದಿಲ್ಲ. ಅಕ್ಕನ ಕಣ್ಣಿಗೆ ಕಂಡ ಊರು ಹುಡುಗನ ಕಣ್ಣಿಗೆ ಕಂಡಿರಲಿಲ್ಲ. ಅವನ ಮಟ್ಟಿಗೆ ಅಲ್ಲಿದ್ದದ್ದು ಒಬ್ಬ ಲಂಚಕೋರ, ಒಂದು ಕಟ್ಟಡ. ಹಸಿದ ಜನರನ್ನು ಯಾರೂ ಅವನಿಗೆ ತೋರಿಸಿರಲಿಲ್ಲ. ಕಥೆ ಹೇಳುವವರು ಹೇಳದೆ ಬಿಟ್ಟದ್ದಕ್ಕೆ ಆಟಗಾರನನ್ನು ಗಲ್ಲಿಗೇರಿಸುವುದು ಯಾವ ನ್ಯಾಯ?

ಅಷ್ಟು ಕೇಳಿಯೂ ಹುಡುಗ ‘ಹಚ್ತೀನಿ’ ಎಂದರೆ ಕಣಜ ಉರಿಯಬೇಕು. ಮಳೆ ಬೇಡ, ಮಾಯದ ಸೈನಿಕರೂ ಬೇಡ. ಊರಿನಲ್ಲಿ ಮೊದಲೇ ಇದ್ದವರು ಮಾತ್ರ ತಮ್ಮ ತಮ್ಮ ಬುದ್ಧಿಯಂತೆ ನಡೆಯಲಿ. ಹೊರಗಿನ ಸೈನ್ಯ ಹೊಗೆ ನೋಡುತ್ತದೆ, ದಾಳಿಗೆ ಇದೇ ಸಮಯ ಎಂದುಕೊಳ್ಳುತ್ತದೆ. ಸಂಧಾನಕ್ಕೆ ಒಪ್ಪಿದ್ದ ಮುಖಂಡ ಬಾಗಿಲು ಹಾಕಿಕೊಳ್ಳುತ್ತಾನೆ. ಕಾವಲು ತಪ್ಪಿಸಿದ ಆರೋಪ ಆ ಲಂಚಕೋರನ ತಲೆಗೆ ಬಂದು ಅವನನ್ನು ಸೆರೆಗೆ ಹಾಕುತ್ತಾರೆ, ಮಾಡದ ತಪ್ಪಿಗೆ. ಅಕ್ಕ ಕಾಗದದ ಮೇಲೆ 8 ಭಾಗದ ಒಂದು ವೃತ್ತ ಬರೆದು ಮೇಲೆ ‘ಹಸಿವು’ ಎಂದು ಬರೆಯುತ್ತಾಳೆ. ಈಗ ಆಟಗಾರರ ಮುಂದೆ ಕೆಲಸಗಳಿವೆ: ಶತ್ರುಗಳ ಸಾಲು ದಾಟಿ ಧಾನ್ಯ ತರಬೇಕೇ, ಕಾವಲುಗಾರನನ್ನು ಬಿಡಿಸಬೇಕೇ, ನಿಜ ಒಪ್ಪಿಕೊಳ್ಳಬೇಕೇ, ರಾತ್ರೋರಾತ್ರಿ ಓಡಿಹೋಗಬೇಕೇ? ನೋಟ್‌ಬುಕ್ಕಿನ ಸಂಧಾನದ ಕಥೆ ಹೋಯಿತು. ಅದಕ್ಕಿಂತ ಬಿಗಿಯಾದ ಕಥೆ ಕೈಗೆ ಬಂತು. ಒಳ್ಳೆಯ ಫಲದ ಗುರುತು ಇದೇ, ಅದು ಬಂದ ಮೇಲೆ ಮಾಡಲು ಹೆಚ್ಚು ಕೆಲಸ ಇರಬೇಕು. ಗಲ್ಲಿಗೇರಿದ ಕಳ್ಳನಿಗೆ ಮಾಡಲು ಏನೂ ಉಳಿದಿರುವುದಿಲ್ಲ, ಹೊಸ ಪಾತ್ರ ಬರೆದುಕೊಳ್ಳುವುದೊಂದನ್ನು ಬಿಟ್ಟು.

ಉಳಿದ ಮೂವರ ಗತಿ ಏನು ಎಂಬ ಪ್ರಶ್ನೆ ಇಲ್ಲಿ ಏಳಲೇಬೇಕು. ಸಂಧಾನ ಬಯಸಿದವರೂ ಈಗ ಉರಿಯುವ ಊರಿನಲ್ಲಿದ್ದಾರೆ. ಸಭಾಪರ್ವದ ಮೂರನೆಯ ಸಂಗತಿ ಇದು. ಒಬ್ಬನ ಆಯ್ಕೆಯ ಬೆಲೆಯನ್ನು ಉಳಿದವರು ತೆರುವುದಾದರೆ ಅವರಿಗೆ ಬಾಯಿ ಇರಬೇಕು, ಅದೂ ದಾಳ ಬೀಳುವ ಮೊದಲು. ‘ನೀವು ಮೂವರು ಅಲ್ಲೇ ಇದ್ದೀರಿ, ಅವನು ಚಕಮಕಿ ತೆಗೀತಿದಾನೆ, ನೀವೇನು ಮಾಡ್ತೀರಿ?’ ಎಂಬ ಒಂದು ಪ್ರಶ್ನೆ ಸಾಕು. ಕೈ ಹಿಡಿಯುವವರು ಹಿಡಿಯಲಿ, ವಾದ ಮಾಡುವವರು ಮಾಡಲಿ. ಎಷ್ಟೋ ಗುಂಪುಗಳಲ್ಲಿ ಆಟ ನಡೆಸುವವರು ಆಟಗಾರನನ್ನು ಎದುರಿಸುವ ಕಷ್ಟವನ್ನೆಲ್ಲ ತಾವೇ ಹೊರುತ್ತಾರೆ. ಪಾತ್ರವನ್ನು ಎದುರಿಸಲು ಅದೇ ಮೇಜಿನಲ್ಲಿ ಮೂರು ಪಾತ್ರಗಳು ಕೂತಿರುವುದನ್ನು ಮರೆತುಬಿಡುತ್ತಾರೆ.

ಕನ್ನಡಕ್ಕೆ ಈ ವಿದ್ಯೆ ಹೊಸದಲ್ಲ. ಕಾಸರಗೋಡಿನಿಂದ ಉತ್ತರ ಕನ್ನಡದವರೆಗೆ ನಡೆಯುವ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರುಬದುರು ಕೂತು, ಭಾಗವತರು ಹಾಡಿದ ಪದ್ಯಕ್ಕೆ ಆ ಕ್ಷಣದಲ್ಲೇ ಮಾತು ಕಟ್ಟುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಮಾತು ಕೇಳಲು ಜನ ರಾತ್ರಿಯಿಡೀ ಕೂರುತ್ತಿದ್ದರು. ವಾಲಿಯ ಪಾತ್ರಧಾರಿ ರಾಮನನ್ನು ಇಕ್ಕಟ್ಟಿಗೆ ಸಿಕ್ಕಿಸುವ ಮಾತು ಎಸೆದರೆ ರಾಮನ ಪಾತ್ರಧಾರಿ ಭಾಗವತರ ಮುಖ ನೋಡಿ ದೂರುವಂತಿಲ್ಲ. ರಾಮನಾಗಿಯೇ ಉತ್ತರ ಹೇಳಬೇಕು. ಆಡಿದ ಮಾತಿನ ಹೊಣೆ ಆಡಿದವನದು. ಆಡಿದ್ದನ್ನು ಆಡಿಲ್ಲ ಎನ್ನಲಾಗದು, ಮುಂದಿನ ಮಾತು ಅದನ್ನು ಹೊತ್ತೇ ಸಾಗಬೇಕು. ಭಾಗವತರಿಗೆ ಎಲ್ಲರಿಗಿಂತ ಹೆಚ್ಚಿನ ಅಧಿಕಾರವಿದೆ, ಮಾತು ಹಳಿ ತಪ್ಪಿದರೆ ಮುಂದಿನ ಪದ್ಯ ಎತ್ತಿಕೊಳ್ಳಬಹುದು. ಆದರೆ ಅವರು ಯಾವ ಪಾತ್ರದ ಪರವಾಗಿಯೂ ವಾದಕ್ಕಿಳಿಯುವುದಿಲ್ಲ. ಮೇಜಿನ ಆಟ ನಡೆಸುವವರು ಕಲಿಯಬೇಕಾದ ಸಂಯಮ ಇದು. ಒಂದು ವ್ಯತ್ಯಾಸ ಮಾತ್ರ ಉಂಟು. ಪ್ರಸಂಗದಲ್ಲಿ ವಾಲಿ ಸಾಯುವುದು ಮೊದಲೇ ತೀರ್ಮಾನವಾಗಿದೆ, ಮೇಜಿನ ಆಟದಲ್ಲಿ ಯಾವುದೂ ತೀರ್ಮಾನವಾಗಿಲ್ಲ. ಹಾಗಾಗಿ ಇಲ್ಲಿ ಮಾತಿನ ಹೊಣೆ ಇನ್ನೂ ಭಾರ.

ಇದನ್ನೆಲ್ಲ ಕೇಳಿ ಒಬ್ಬರು ಆಕ್ಷೇಪಿಸಬಹುದು. ವಾರವಿಡೀ ದುಡಿದು, ಓದಿ, ಟ್ರಾಫಿಕ್ಕಿನಲ್ಲಿ ಬೆಂದು ಬಂದವರು ಭಾನುವಾರ ಸಂಜೆ ಮೂರು ಗಂಟೆ ನಗಲು ಕೂತಿದ್ದಾರೆ. ಅಲ್ಲಿಯೂ ಕರ್ಮಫಲದ ಪ್ರವಚನ ಬೇಕೇ? ಕಣಜ ಸುಡುವುದೇ ಮಜಾ ಆದರೆ ಸುಡಲಿ ಬಿಡಿ. ಈ ಮಾತಿನಲ್ಲಿ ಹುರುಳಿದೆ. ಎಲ್ಲ ಮೇಜುಗಳೂ ಒಂದೇ ಅಲ್ಲ. ಬೆಂಕಿ ಹಚ್ಚಿ ನಗುವ ಆಟ ಆಡುತ್ತೇವೆ ಎಂದು ಐವರೂ ಮೊದಲೇ ಒಪ್ಪಿಕೊಂಡಿದ್ದರೆ ಅಲ್ಲಿ ಮಳೆ ಸುರಿದರೂ ನಷ್ಟವಿಲ್ಲ. ತೊಂದರೆ ಬರುವುದು ಒಬ್ಬ ಪ್ರಹಸನ ಆಡುತ್ತಿದ್ದು, ಇನ್ನೊಬ್ಬಳು ಅದೇ ಮೇಜಿನಲ್ಲಿ ಮಹಾಕಾವ್ಯ ಆಡುತ್ತಿರುವಾಗ. ಅದಕ್ಕೇ ಅನುಭವಿಗಳು ಕಥೆ ಶುರುವಾಗುವ ಮೊದಲು ಒಂದು ಸಂಜೆ ಬರೀ ಮಾತಿಗೆ ಮೀಸಲಿಡುತ್ತಾರೆ, ‘ಸೆಷನ್ ಝೀರೋ’ ಎಂದು ಅದರ ಹೆಸರು. ಸಾವು ಎಷ್ಟು ಸುಲಭ, ಕಾನೂನು ಎಷ್ಟು ಬಿಗಿ, ಯಾವ ವಿಷಯ ಬೇಡವೇ ಬೇಡ ಎಂದು ಅಲ್ಲಿ ಇತ್ಯರ್ಥವಾಗುತ್ತದೆ. ದ್ರೌಪದಿಯ ಪ್ರಶ್ನೆ ಕೇಳಬೇಕಾದ ಸಮಯ ಅದು. ಇನ್ನು ಮಜಾದ ಮಾತು. ತೂಕವಿಲ್ಲದ ಬೆಂಕಿ ಎರಡನೆಯ ಸಲಕ್ಕೇ ಸಪ್ಪೆಯಾಗುತ್ತದೆ. ಊರು ನಿಜವಾಗಿ ಉರಿದ ಸಂಜೆಯನ್ನು ಮಾತ್ರ ಆ ಮಕ್ಕಳು ವರ್ಷಗಳ ನಂತರವೂ ಮದುವೆ ಮನೆಯಲ್ಲಿ ಸಿಕ್ಕಾಗ ನೆನೆಸಿಕೊಳ್ಳುತ್ತಾರೆ.

ಒಂದು ಗೆರೆ ಮಾತ್ರ ಗಟ್ಟಿಯಾಗಿ ಎಳೆಯಬೇಕು. ಪಾತ್ರದ ದುಡುಕು ಬೇರೆ, ಆಟಗಾರನ ದುಡುಕು ಬೇರೆ. ಕಳ್ಳ ಕಣಜ ಸುಟ್ಟರೆ ಅದಕ್ಕೆ ಕಥೆಯೊಳಗೆ ಉತ್ತರವಿದೆ. ಆಟಗಾರನೊಬ್ಬ ಪಾತ್ರದ ನೆಪದಲ್ಲಿ ಎದುರು ಕೂತ ಹುಡುಗಿಯನ್ನು ಮತ್ತೆ ಮತ್ತೆ ಹೀಯಾಳಿಸಿದರೆ, ಅವಳು ಬೇಡವೆಂದ ಪ್ರಸಂಗಕ್ಕೇ ಕಥೆಯನ್ನು ಎಳೆದರೆ, ಅದಕ್ಕೆ ಕಥೆಯೊಳಗೆ ಉತ್ತರವಿಲ್ಲ. ಅವನ ಪಾತ್ರದ ಮೇಲೆ ಸಿಡಿಲು ಬೀಳಿಸುವುದು ಹೇಡಿತನ. ಅಲ್ಲಿ ಆಟ ನಿಲ್ಲಿಸಿ, ದಾಳ ಕೆಳಗಿಟ್ಟು, ಹೆಸರು ಹಿಡಿದು ಮಾತಾಡಬೇಕು. ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ‘ಎಕ್ಸ್ ಕಾರ್ಡ್’ ಎಂಬ ಸರಳ ಉಪಾಯದಲ್ಲಿ ಮೇಜಿನ ಮಧ್ಯೆ ಒಂದು ಕಾರ್ಡ್ ಇಡುತ್ತಾರೆ. ಯಾರಿಗೆ ಕಷ್ಟವಾದರೂ ಅದನ್ನು ಮುಟ್ಟಿದರೆ ಸಾಕು, ಆ ಭಾಗ ಅಲ್ಲಿಗೇ ಬಿಟ್ಟುಹೋಗುತ್ತದೆ, ಕಾರಣ ಹೇಳಬೇಕಿಲ್ಲ. ಮೂರನೆಯ ಉತ್ತರವಾದ ತಡೆಗೆ ಸರಿಯಾದ ಜಾಗ ಇದು. ಹಸ್ತಿನಾವತಿಯ ಸಭೆಯಲ್ಲಿ ಅಂಥ ಒಂದು ಕಾರ್ಡ್ ಮುಟ್ಟುವ ಧೈರ್ಯ ವಿಕರ್ಣ, ವಿದುರರಂಥ ಒಬ್ಬಿಬ್ಬರಿಗೆ ಇತ್ತು. ಅದನ್ನು ಮಾನ್ಯ ಮಾಡುವವರು ಇರಲಿಲ್ಲ.

ಕೊನೆಗೂ ಪ್ರಶ್ನೆ ಆ ಹದಿನಾರರ ಹುಡುಗನದು. ಶಾಲೆಯಲ್ಲಿ ತಪ್ಪಿದರೆ ಅಂಕ ಹೋಗುತ್ತದೆ, ಮನೆಯಲ್ಲಿ ತಪ್ಪಿದರೆ ಬೈಗುಳ ಬರುತ್ತದೆ, ರಸ್ತೆಯಲ್ಲಿ ತಪ್ಪಿದರೆ ಕೈಕಾಲು ಮುರಿಯುತ್ತದೆ. ತಪ್ಪಿ, ಅದರಿಂದ ಯಾರಿಗೆ ಏನಾಯಿತು ಎಂದು ಕಣ್ಣಾರೆ ನೋಡಿ, ಅದನ್ನು ಸರಿಪಡಿಸಲು ಐದಾರು ವಾರ ಹೆಣಗುವ ಅವಕಾಶ ಆ ವಯಸ್ಸಿನವರಿಗೆ ಬೇರೆಲ್ಲೂ ಸಿಗುವುದಿಲ್ಲ. ಯಾರ ಮೈಗೂ ಗಾಯವಾಗದೆ ಅದನ್ನು ಕೊಡಬಲ್ಲದ್ದು ಒಂದು ಊಟದ ಮೇಜು, ಒಂದು ನೋಟ್‌ಬುಕ್, ಒಂದಿಷ್ಟು ದಾಳ. ಮಳೆ ಸುರಿಸಿದರೆ ಅವನಿಂದ ಅದನ್ನು ಕಿತ್ತುಕೊಂಡಂತೆ, ಗಲ್ಲಿಗೇರಿಸಿದರೂ ಕಿತ್ತುಕೊಂಡಂತೆಯೇ. ಬೆಲೆ ಹೇಳಿ, ಒಪ್ಪಿದರೆ ವಸೂಲು ಮಾಡಿ, ಮುಂದಿನ ವಾರವೂ ಅವನಿಗೆ ಕುರ್ಚಿ ಇಟ್ಟಿರಿ. ಧಾನ್ಯ ಹೊತ್ತು ತರುವ ದಾರಿ ಹುಡುಕುವುದು ಅವನ ಕೆಲಸ.